ರಸ್ತೆಯ ನಡು ಸರಿದದ್ದು

ಸುರಂಗ ರೈಲಿನ ಮೇಲಿನ ನೆಲವನ್ನು ಕಾಯುವುದು ಅವರ ಕೆಲಸ. ಯಾರು ಎಲ್ಲಿ ಅಗೆಯುತ್ತಾರೆ, ಯಾರು ಎಲ್ಲಿ ಬೋರ್ ಕೊರೆಯುತ್ತಾರೆ ಎಂದು ಮೂವತ್ತೊಂದು ವರ್ಷ ಬೀದಿ ಬೀದಿ ನಡೆದು ನೋಡಿದವರು. ಅಂಗಡಿಯವರೆಲ್ಲ ಅವರನ್ನು ಪಾತಾಳಣ್ಣ ಎಂದೇ ಕರೆಯುತ್ತಿದ್ದರು. ಅವರ ಸಹಿಯಿಲ್ಲದೆ ಆ ರಸ್ತೆಯಲ್ಲಿ ಒಂದು ಗೂಟ ನೆಡುವುದಕ್ಕೂ ಜನ ಹೆದರುತ್ತಿದ್ದರು.

ಹೆಂಡತಿ ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು. ಅದಕ್ಕೂ ಮುಂಚೆ ಮೂರು ತಿಂಗಳು ರಜೆ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆಯೇ ಕಳೆದಿದ್ದರು. ಮನೆಯಲ್ಲಿ ಕೂತರೆ ಗೋಡೆಗಳೇ ಮೈಮೇಲೆ ಬಂದಂತಾಗುತ್ತದೆಂದು ಬೇಗನೆ ಕೆಲಸಕ್ಕೆ ಮರಳಿದರು. ಮರಳಿದರೂ ಮನಸ್ಸು ಕೂತಲ್ಲಿ ಕೂರದು, ನಿಂತಲ್ಲಿ ನಿಲ್ಲದು. ‘ದೇವರೇ, ನೀನು ಕೊಟ್ಟದ್ದನ್ನು ನೀನೇ ತೆಗೆದುಕೊಂಡೆ, ಈ ಕಾಲುಗಳನ್ನಾದರೂ ನಡೆಸು’ ಎಂದು ದಿನವೂ ಕೈಮುಗಿದು ಹೊರಡುತ್ತಿದ್ದರು.

ಆ ದಿನ ಮಧ್ಯಾಹ್ನ ಸೊಸೆ ಬಡಿಸಿದಳು.

“ಮಾವ, ತಟ್ಟೆ ಮುಂದೆ ಇಟ್ಕೊಂಡು ಯೋಚನೆ ಮಾಡ್ತಿದ್ರೆ ಹೊಟ್ಟೆ ತುಂಬುತ್ತಾ? ಎರಡು ತುತ್ತಾದ್ರೂ ತಿನ್ನಿ.”

“ತಿಂತೀನಮ್ಮ. ಅಂಗಡಿಗೆ ಹೋದವಳು ಯಾಕಿಷ್ಟು ತಡ ಮಾಡಿದೆ?”

“ರಸ್ತೆ ದಾಟೋದೇ ಒಂದು ಯುದ್ಧ ಮಾವ. ನೀವು ಆಸ್ಪತ್ರೇಲಿದ್ದಾಗ ಎಡಗಡೆ ಕಾಂಪೌಂಡೆಲ್ಲ ಒಡೆದು ರಸ್ತೇನ ಇನ್ನೂ ಮೂವತ್ತಡಿ ಅಗಲ ಮಾಡಿದ್ರಲ್ಲ, ಅವತ್ತಿಂದ ಗಾಡಿಗಳಿಗೆ ಹಿಡಿತಾನೇ ಇಲ್ಲ.”

ಪಾತಾಳಣ್ಣನ ಕೈ ತಟ್ಟೆಯಲ್ಲೇ ನಿಂತಿತು.

“ಬರೀ ಎಡಗಡೆನಾ?”

“ಹೂಂ. ಬಲಗಡೆ ಅಂಗಡಿಗಳನ್ನ ಮುಟ್ಟಿಲ್ಲ. ಯಾಕೆ ಮಾವ?”

ಇಲಾಖೆಯ ಹಳೆಯ ನಕ್ಷೆಯಲ್ಲಿ ಅಳತೆಯೆಲ್ಲ ರಸ್ತೆಯ ನಡುವಿನಿಂದ. ಅಲ್ಲಿಂದ ಬಲಕ್ಕೆ ಮೂವತ್ತಡಿಯವರೆಗೆ ಸುರಂಗ. ನಲವತ್ತಡಿ ದಾಟಿದ ಮೇಲೆ ಮಾತ್ರ ಕೊರೆಯಲು ಒಪ್ಪಿಗೆ. ಮೊನ್ನೆ ಹಲ್ಲಿನ ಡಾಕ್ಟರ ಹಿತ್ತಲಿನ ಬೋರ್‌ವೆಲ್ಲಿಗೆ ಅವರೇ ಟೇಪು ಹಿಡಿದಿದ್ದರು. ನಡುವಿನಿಂದ ನಲವತ್ತೆರಡಡಿ, ಸರಿಯಾಗಿದೆ ಎಂದು ಸಹಿ ಹಾಕಿದ್ದರು. ಆದರೆ ರಸ್ತೆ ಒಂದೇ ಕಡೆ ಬೆಳೆದರೆ ಅದರ ನಡು ಇದ್ದಲ್ಲೇ ಇರುತ್ತದೆಯೆ? ಹದಿನೈದಡಿ ಎಡಕ್ಕೆ ಸರಿದಿತ್ತು. ನಕ್ಷೆಯ ನಡುವಿನಿಂದ ಅಳೆದರೆ ಆ ಬೋರು ಇಪ್ಪತ್ತೇಳಡಿಗೆ, ಸುರಂಗದ ನೆತ್ತಿಯ ಮೇಲೆಯೇ. ರಸ್ತೆ ಅಗಲವಾದದ್ದು ಅವರ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ.

ಕೊರೆಯುವುದು ಇವತ್ತೇ.

ಬೋರ್ ಮೇಸ್ತ್ರಿಗೆ ಫೋನು ಮಾಡಿದರು. ಎತ್ತಲಿಲ್ಲ, ಆ ಯಂತ್ರದ ಸದ್ದಿನಲ್ಲಿ ಯಾರಿಗೆ ಕೇಳಬೇಕು! ಕಂಟ್ರೋಲ್ ರೂಮಿಗೆ ಹೇಳಬೇಕೆಂದು ಹೊಳೆಯಿತು. ಹೇಳಿದರೆ ತನ್ನ ಸಹಿಯ ಮಾತೂ ಬರುತ್ತದೆ. ಮೊದಲು ಯಂತ್ರ ನಿಲ್ಲಲಿ ಎಂದುಕೊಂಡು ಎಂಜಲು ಕೈಯಲ್ಲೇ ಎರಡು ಬೀದಿ ಓಡಿದರು.

ಹಿತ್ತಲೆಲ್ಲ ಬಿಳಿ ದೂಳು.

“ನಿಲ್ಸಯ್ಯ! ನಿಲ್ಸು!”

“ಏನ್ ಪಾತಾಳಣ್ಣ, ನೀರಿಗಿಂತ ಮುಂಚೆ ನೀವೇ ಬಂದ್ರಾ?” ಮೇಸ್ತ್ರಿ ನಕ್ಕ.

“ಎಷ್ಟು ಇಳಿದಿದೆ?”

“ಮೂರು ರಾಡು, ಅರವತ್ತಡಿ. ನಾಲ್ಕನೇದು ಹಾಕ್ತಿದೀವಿ.”

ಸುರಂಗದ ನೆತ್ತಿ ಇರುವುದು ಎಪ್ಪತ್ತಡಿಯಲ್ಲಿ.

“ತೆಗಿ ಮೇಲಕ್ಕೆ. ಕೆಳಗೆ ರೈಲಿದೆ.”

“ನಿಮ್ಮದೇ ಸಹಿ ಇದೆಯಲ್ಲಣ್ಣ!” ಮೇಸ್ತ್ರಿ ಜೇಬಿನಿಂದ ಕಾಗದ ತೆಗೆದ.

“ಅಳತೆ ತಪ್ಪಯ್ಯ. ನಾನೇ ತಪ್ಪಿದೆ.”

ಮೇಸ್ತ್ರಿ ಕೈ ಎತ್ತಿದ, ಯಂತ್ರ ನಿಂತಿತು. “ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಿಗೆ ಬಿತ್ತಂತೆ” ಎಂದು ಹಾಸ್ಯಕ್ಕೆ ಹೋದವನು ಅವರ ಮುಖ ನೋಡಿ ದನಿ ತಗ್ಗಿಸಿದ. “ಹೋಗ್ಲಿ ಬಿಡಿ ಅಣ್ಣ. ಮನೇಲಿ ಅಂಥದ್ದು ನಡೆದಾಗ ಯಾರ ತಲೆ ನೆಟ್ಟಗಿರುತ್ತೆ? ಬಂಡೆ ಅಡ್ಡ ಬಂತು ಅಂತ ಡಾಕ್ಟರಿಗೆ ನಾನೇ ಹೇಳ್ತೀನಿ. ಮುಚ್ಚಿಬಿಡೋಣ. ನೀವೂ ನೋಡಿಲ್ಲ, ನಾನೂ ನೋಡಿಲ್ಲ.”

ಮಾತು ಹಿತವಾಗಿತ್ತು. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಆದರೆ ಕೆಳಗೆ ನಾಲ್ಕು ನಿಮಿಷಕ್ಕೊಂದು ರೈಲು, ರೈಲಿನ ತುಂಬ ಜನ. ಇಷ್ಟು ಹೊತ್ತಿನ ಬಡಿತಕ್ಕೆ ನೆತ್ತಿ ಬಿರಿದಿದ್ದರೆ? ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಮೇಯ್ದದ್ದನ್ನು ಮುಚ್ಚಿಟ್ಟು ನಾಳೆ ಯಾವ ಬಾಯಿಂದ ದೇವರನ್ನು ಕರೆಯುವುದು? ಫೋನು ತೆಗೆದು ನಂಬರು ಒತ್ತಿದರು.

“ಕಂಟ್ರೋಲ್ ರೂಮಾ? ಎರಡೂ ಸಾಲಿನ ರೈಲು ನಿಲ್ಸಿ. ನೆತ್ತಿ ಮೇಲೆ ಬೋರ್ ಕೊರೆದಿದಾರೆ.”

“ಯಾವನ್ರೀ ಅದಕ್ಕೆ ಸಹಿ ಹಾಕ್ದೋನು?”

“ನಾನೇ ಸರ್.”

“ಅಲ್ಲೇ ಇರಿ.”

ಅವರು ನಿಂತರು, ಕೂತರು, ಮತ್ತೆ ಎದ್ದರು. ಸ್ಟೇಷನ್ನಿನ ಮೆಟ್ಟಿಲು ಹತ್ತಿ ಬಂದ ಜನ ಗೊಣಗುತ್ತ ಬೀದಿ ತುಂಬಿಕೊಂಡರು. ಅರ್ಧ ಗಂಟೆಯಾದ ಮೇಲೆ ಕಂಟ್ರೋಲ್ ರೂಮಿನಿಂದ ಫೋನು ಬಂತು.

“ನೆತ್ತೀಲಿ ಕೂದಲೆಳೆಯಷ್ಟು ಬಿರುಕು. ನೀರು ಜಿನುಗ್ತಿದೆ. ಇನ್ನೊಂದು ರಾಡು ಇಳಿದಿದ್ರೆ ದೇವರೇ ಗತಿ. ನಾಳೆಯಿಂದ ನೀವು ಕೆಲಸಕ್ಕೆ ಬರ್ಬೇಡಿ, ವಿಚಾರಣೆ ಆಗ್ಬೇಕು.”

“ಆಗ್ಲಿ ಸರ್. ಫೋನ್ ಇಡಬೇಡಿ.”

“ಇನ್ನೇನ್ರೀ?”

“ಇದೇ ರಸ್ತೇಲಿ ಇನ್ನೆರಡು ಮನೆಗೆ ಹೀಗೇ ಅಳೆದು ಸಹಿ ಹಾಕಿದೀನಿ. ಬರ್ಕೊಳಿ.”

“ಅದನ್ನ ಯಾರು ಕೇಳಿದ್ರಣ್ಣ!” ಎಂದು ಮೇಸ್ತ್ರಿ ತಲೆ ಚಚ್ಚಿಕೊಂಡ. ಪಾತಾಳಣ್ಣ ಆ ಮನೆಗಳ ನಂಬರು ಹೇಳುತ್ತಲೇ ಗೇಟು ದಾಟಿ, ಮೊದಲನೆಯ ಮನೆಯ ಕಡೆಗೆ ಬಿರಬಿರನೆ ಹೊರಟಿದ್ದರು.