ಬೇರೆ ಸಾಲಿನ ಕಾಯಿಲೆ

ಕೊಯಿಲದ ಜಾನುವಾರು ಫಾರ್ಮಿನಲ್ಲಿ ಇಪ್ಪತ್ತಾರು ವರ್ಷದಿಂದ ದನ ನೋಡಿಕೊಳ್ಳುವ ಡೊಂಬಯ್ಯ ಎಲ್ಲ ಅರ್ಥದಲ್ಲೂ ತೂಕದ ಮನುಷ್ಯ. ತೂಕ ಲೆಕ್ಕ ಹಾಕಲು ಎದೆಸುತ್ತಿಗೆ ಟೇಪು ಹಿಡಿಯುವ ಮೊದಲೇ ಅವನು ದನ ಇಷ್ಟು ಕಿಲೋ ಅಂದರೆ ಐದು ಕಿಲೋ ಆಚೀಚೆ ಆಗುತ್ತಿರಲಿಲ್ಲ. ಕರುವಿನ ಹಾಗೆ ಕೂಗಿ, ಹಟ ಹಿಡಿದ ದನವೂ ಹಾಲು ಬಿಡುವಂತೆ ಮಾಡುವ ಗಂಟಲು ಅವನದು. ಯಾವ ದನ ಮೇವು ಬಿಟ್ಟಿದೆ ಎಂದು ವೈದ್ಯರಿಗಿಂತ ಮೊದಲು ಅವನಿಗೇ ಗೊತ್ತಾಗುತ್ತಿತ್ತು.

ಅಂಥವನ ಕಣ್ಣಿಗೆ ಸ್ವಂತ ಮಗಳು ಬೀಳಲು ಏಳು ತಿಂಗಳು ಹಿಡಿಯಿತು.

ಯಶಸ್ವಿಗೆ ಹತ್ತೊಂಬತ್ತು. ಪುತ್ತೂರಿನಲ್ಲಿ ಬಿಕಾಂ. ಎಪ್ಪತ್ತೆಂಟು ಕಿಲೋ ಇದ್ದವಳು ಇಳಿಯತೊಡಗಿದಾಗ ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಒಂದು ಮದುವೆಯಲ್ಲಿ ಅಜ್ಜಾವರದ ಅತ್ತೆ ಅವಳ ಗಲ್ಲ ಹಿಡಿದು, “ಅಯ್ಯೋ, ಎಂತ ಚಂದ ಆಗಿದ್ದಿ ಮಾರಾಯ್ತಿ! ಎಂತ ತಿನ್ನುದು ನೀನು?” ಎಂದರು.

“ಎಂತದೂ ಇಲ್ಲ ಅತ್ತೆ.”

ಎಲ್ಲರೂ ನಕ್ಕರು. ಅವಳು ಹೇಳಿದ್ದು ಸತ್ಯ. ಡೊಂಬಯ್ಯನಂತೂ ಅತ್ತೆಯ ಆ ಎಳೆದ ಸ್ವರವನ್ನು ಮನೆಯಲ್ಲಿ ಒಂದು ವಾರ ಅಣಕಿಸಿ ತಾನೂ ನಕ್ಕ.

ನಗು ನಿಂತದ್ದು ಅವಳು ಕಡಬ ಬಸ್‌ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಬಿದ್ದ ದಿನ. ಆಗಷ್ಟೇ ಹೆಂಡತಿ ಕಮಲಾವತಿ ಬಾಯಿ ಬಿಟ್ಟಳು: ಮಗಳು ಮುಟ್ಟಾಗದೆ ನಾಲ್ಕು ತಿಂಗಳು. ಬಚ್ಚಲು ತುಂಬ ಕೂದಲು. ಏಪ್ರಿಲ್ ಸೆಕೆಯಲ್ಲೂ ಸ್ವೆಟರ್.

ಮೊದಲ ಡಾಕ್ಟರು ತೂಕ ನೋಡಿದರು. ಐವತ್ತನಾಲ್ಕು. “ಎತ್ತರಕ್ಕೆ ಕರೆಕ್ಟ್ ಉಂಟಲ್ಲ ಮಾರಾಯ್ರೆ! ಇದಕ್ಕೆ ಜನ ಜಿಮ್ಮಿಗೆ ದುಡ್ಡು ಕೊಡ್ತಾರೆ. ಟಾನಿಕ್ ಬರೀತೇನೆ.”

“ಡಾಕ್ಟ್ರೆ, ನಮ್ಮಲ್ಲಿ ನಾನೂರು ಕಿಲೋದ ದನ ಮುನ್ನೂರಕ್ಕೆ ಇಳಿದ್ರೆ, ಮುನ್ನೂರು ಕಿಲೋದ ಬೇರೆ ದನಗಳು ಚಂದ ಮೇಯ್ತಾ ಉಂಟಲ್ಲ ಅಂತ ಸುಮ್ಮನೆ ಬಿಡುದಿಲ್ಲ. ಇಳಿದದ್ದೇ ರೋಗ.”

“ಮಗಳನ್ನು ದನ ಮಾಡಿದ್ರಲ್ಲ!” ಡಾಕ್ಟರು ನಕ್ಕರು.

ಹೊರಗೆ ಬಂದ ಮೇಲೆ ಯಶಸ್ವಿ, “ಶಾಲೆಯಲ್ಲಿ ನನ್ನನ್ನು ಹಾಗೇ ಕರೀತಿದ್ದದ್ದು ಅಪ್ಪ,” ಎಂದಳು. ಆಮೇಲೆ ಒಂಬತ್ತು ದಿನ ಕೋಣೆಯ ಬಾಗಿಲು ಹಾಕಿಕೊಂಡು ಮಾತು ಬಿಟ್ಟಳು. ಡೊಂಬಯ್ಯ ಬಾಗಿಲ ಹೊರಗೆ ನಿಂತು ಸ್ವರ ಬದಲಿಸಿ ಬೆಕ್ಕಾದ, ಕಂಡಕ್ಟರ್ ಆದ, ಅತ್ತೆಯೂ ಆದ. ಬಾಗಿಲು ತೆರೆಯಲಿಲ್ಲ.

ಹತ್ತನೇ ದಿನ ಹೇಗೋ ಒಪ್ಪಿಸಿ ಪುತ್ತೂರಿನ ಮನೋವೈದ್ಯೆ ಮುಫೀದಾ ಅವರ ಹತ್ತಿರ ಕರೆತಂದ. ಅವರು ಮೊದಲು ಮಗಳ ಜೊತೆ ಮಾತ್ರ ಮಾತಾಡಿದರು, ಈಗಿನದಲ್ಲ, ಹಳೆಯ ತೂಕ ಕೇಳಿದರು, ನಾಡಿ ನೋಡಿದರು. ಆಮೇಲೆ ಅವನನ್ನು ಒಳಗೆ ಕರೆದರು.

“ಇದು ಅನೊರೆಕ್ಸಿಯಾ. ಹಟ ಅಲ್ಲ, ಡಯೆಟ್ ಅಲ್ಲ, ಕಾಯಿಲೆ. ದಪ್ಪ ಆಗುವ ಹೆದರಿಕೆ ಉಂಟು, ಉಣ್ಣದೆ ಇರುದು ಉಂಟು, ಕನ್ನಡಿಯಲ್ಲಿ ಇಲ್ಲದ ದೇಹ ಕಾಣ್ತದೆ. ಎಲ್ಲ ಹೊಂದ್ತದೆ. ತೂಕ ಮಾತ್ರ ಇನ್ನೂ ಕಮ್ಮಿ ತೂಕದ ಗೆರೆಗಿಂತ ಕೆಳಗೆ ಇಳೀಲಿಲ್ಲ. ಹಾಗಾಗಿ ನಮ್ಮ ರೋಗಗಳ ಪುಸ್ತಕದಲ್ಲಿ ಇದನ್ನು ಬೇರೆ ಸಾಲಿನಲ್ಲಿ ಹಾಕಿದ್ದಾರೆ, ಅಟಿಪಿಕಲ್, ಮಾಮೂಲಿನದ್ದಲ್ಲ ಅಂತ. ಅಪಾಯ ಏನೂ ಕಮ್ಮಿ ಇಲ್ಲ. ಅರುವತ್ತರ ಮೇಲೆ ಇರ್ಬೇಕಾದ ನಾಡಿ ನಲವತ್ತೆರಡು. ಇವತ್ತೇ ಮಂಗಳೂರಿನಲ್ಲಿ ಅಡ್ಮಿಟ್ ಆಗ್ಬೇಕು.”

ಡೊಂಬಯ್ಯನ ಕಣ್ಣು ತುಂಬಿತು. ಕೊನೆಗೂ ಒಬ್ಬರಿಗೆ ಕಂಡಿತು.

ಯಶಸ್ವಿ ತಲೆ ಎತ್ತಿದಳು. “ಅಂದ್ರೆ ನನ್ನದು ಪೂರ್ತಿಯದ್ದಲ್ವಾ ಮೇಡಂ?”

“ಹಾಗಲ್ಲ ಮಗಾ…”

“ಪೂರ್ತಿಯದ್ದು ಆಗ್ಲಿಕ್ಕೆ ಎಷ್ಟಕ್ಕೆ ಇಳೀಬೇಕು?”

ಮುಫೀದಾ ಪೆನ್ನು ಕೆಳಗಿಟ್ಟರು. ಈ ಪ್ರಶ್ನೆ ಕೇಳುತ್ತಿರುವುದು ನೀನಲ್ಲ, ಕಾಯಿಲೆ ಎಂದರು. ಹೃದಯಕ್ಕೆ ಸಾಲು ಗೊತ್ತಿಲ್ಲ, ಗೆರೆ ಗೊತ್ತಿಲ್ಲ ಎಂದರು. ಅರ್ಧ ಗಂಟೆ ಹೇಳಿದರು. ಯಶಸ್ವಿ ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಕಳೆ ಬಂದಿತ್ತು. ರ‍್ಯಾಂಕಿಗೆ ಎಷ್ಟು ಮಾರ್ಕು ಕಮ್ಮಿಯಾಯಿತೆಂದು ತಿಳಿದು ಗುರಿ ಸಿಕ್ಕಿದ ದಿನವೂ ಹೀಗೇ ಬಂದಿತ್ತು.

ಹೊರಗಿನ ಬೆಂಚಿನಲ್ಲಿ ಡೊಂಬಯ್ಯ ಅವಳ ತಣ್ಣಗಿನ ಕೈ ಹಿಡಿದು ಕುಳಿತ. ಅಡ್ಮಿಶನ್ ಚೀಟಿ ಅಂಗಿಯ ಕಿಸೆಯಲ್ಲಿತ್ತು.

“ಹೋಗುವ ಮಗಾ. ಅಮ್ಮ ಬಟ್ಟೆ ತರ್ತಾಳೆ. ನಿನ್ನ ಕಾಲಿಗೆ ಬೇಕಾದ್ರೂ ಬೀಳ್ತೇನೆ.”

“ಈಗ ಹೋದ್ರೆ ಅಲ್ಲಿ ನಗಾಡ್ತಾರೆ ಅಪ್ಪ. ಇಷ್ಟು ದಪ್ಪ ಇದ್ದುಕೊಂಡು ಯಾಕೆ ಬಂದದ್ದು ಅಂತ.” ಅವಳು ಮೆಲ್ಲನೆ ಕೈ ಬಿಡಿಸಿಕೊಂಡಳು. ಸಿಟ್ಟಿರಲಿಲ್ಲ, ಸಮಾಧಾನ ಮಾಡುವ ಸ್ವರವಿತ್ತು. “ಮುಂದಿನ ತಿಂಗಳು ಖಂಡಿತ ಹೋಗುವ.”

ಮುಂದಿನ ತಿಂಗಳು ಅಂದರೆ ಎಷ್ಟು ಕಿಲೋ ಎಂದು ಡೊಂಬಯ್ಯ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು.