ಮಿಕ್ಕ ಕಾಲು ಸಿಲಿಂಡರ್

ಹಿರಿಯ ನರ್ಸ್ ಸಿಲಿಂಡರಿನ ಕೀಲಿ ತಿರುವಿದಾಗ ಮಾಪಕದ ಮುಳ್ಳು ಸೊನ್ನೆಯಿಂದ ಎದ್ದು ಕಾಲು ಭಾಗದಲ್ಲಿ ನಿಂತಿತು. ಪಕ್ಕದ ಮಂಚದಲ್ಲಿ ಹೆಣಕ್ಕೆ ಬಟ್ಟೆ ಹೊದಿಸುತ್ತಿದ್ದರು. ಸಿಲಿಂಡರನ್ನು ರೋಗಿಯ ಮನೆಯಿಂದ ಆಸ್ಪತ್ರೆಗೆ ವಾಪಸು ಒಯ್ಯುವ ಮುನ್ನ ಉಳಿದದ್ದನ್ನು ನೋಡುವುದು ಅವಳ ಅಭ್ಯಾಸ. ಕಲಿಸಿದವನು ಮಂಚದ ಮೇಲಿದ್ದವನೇ. ಶ್ವಾಸಕೋಶದ ವಾರ್ಡಿನಲ್ಲಿ ಮೂವತ್ತು ವರ್ಷ ಆಕ್ಸಿಜನ್ ಅಳೆದ ಆತನನ್ನು ಎಲ್ಲರೂ ಲೀಟರ್ ಮಾಸ್ತರು ಎನ್ನುತ್ತಿದ್ದರು. ಕೊನೆಗೆ ಆ ವಾರ್ಡಿನ ಕಾಯಿಲೆಯೇ ಆತನ ಎದೆಯಲ್ಲಿ ಬಂದು ಕೂತಿತ್ತು.

ಸಿಲಿಂಡರಿನ ಮೇಲೆ ಆತನದೇ ಸೀಮೆಸುಣ್ಣದ ಬರಹ: ಏಳು ಸಾವಿರ ಲೀಟರ್, ನಿಮಿಷಕ್ಕೆ ಎರಡು, ಭಾನುವಾರ ಸಂಜೆ ಆರಕ್ಕೆ ಖಾಲಿ. ಆತ ಹೋದದ್ದೂ ನಿನ್ನೆ, ಭಾನುವಾರ, ಸಂಜೆ ಆರಕ್ಕೇ.

“ಅಣ್ಣನ ಲೆಕ್ಕ ತಪ್ಪಿದ್ದು ಇದೇ ಮೊದಲು,” ಅಂದ ತಮ್ಮ. “ಅವನು ಖಾಲಿಯಾದ, ಸಿಲಿಂಡರ್ ಆಗ್ಲಿಲ್ಲ.”

ಒಂದಿಬ್ಬರು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ನರ್ಸಿಗೆ ನಗು ಬರಲಿಲ್ಲ. ಆತನ ಲೆಕ್ಕ ತಪ್ಪುವಂಥದ್ದಲ್ಲ. ಎರಡು ಲೀಟರಿಗೆ ಇಟ್ಟವರು ಯಾರೆಂದು ಕೇಳಿದಳು.

“ನಾನೇ,” ಅಂದಳು ಹೆಂಡತಿ. “ಆಮೇಲೆ ಕೂದಲೆಳೆಯಷ್ಟೂ ಅಲ್ಲಾಡ್ಸಿಲ್ಲ.”

*

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹೊಸ ಸಿಲಿಂಡರ್ ಜೋಡಿಸಿ ಗುಂಡಿ ತಿರುವಿದಾಗ ಗಾಜಿನ ಕೊಳವೆಯೊಳಗೆ, ನಿಮಿಷಕ್ಕೆ ಎಷ್ಟು ಲೀಟರೆಂದು ತೋರಿಸುವ ಗೋಲಿ ಮೇಲೇರಿತು. ಎರಡರ ಗೆರೆಗೆ ಗೋಲಿಯ ತಲೆ ಮುಟ್ಟಬೇಕೋ ನಡು ಬರಬೇಕೋ ಎಂದು ಹೆಂಡತಿ ಗಂಡನನ್ನು ಕೇಳಿದ್ದಳು. ವಾರ್ಡಿನ ಹೊಸ ಹುಡುಗಿಯರಿಗೆ ಇದನ್ನೇ ಗಿಳಿಗೆ ಹೇಳಿದ ಹಾಗೆ ಹೇಳಿದ ಮನುಷ್ಯ. ಆದರೆ ದೀಪದ ಬುಡದಲ್ಲೇ ಕತ್ತಲೆ. ಹೆಂಡತಿಯ ತಲೆಗೆ ಲೆಕ್ಕ ಹತ್ತದೆಂದು ಮದುವೆಯಾದಂದಿನಿಂದ ಸಾರಿಕೊಂಡು ಬಂದವನು, ಇದ್ದಬದ್ದ ಉಸಿರನ್ನೆಲ್ಲ ಬೈಯಲು ಬಳಸಿದ.

“ತಲೆ ತಿನ್ಬೇಡ. ಎರಡು ಅಂದ್ರೆ ಎರಡು. ನಾನೇ ಕಾಲಿಗೆ ಬಿದ್ರೂ ಜಾಸ್ತಿ ಮಾಡ್ಬೇಡ, ಜಾಸ್ತಿಯಾದ್ರೂ ಸಾಯ್ತೀನಿ.”

ಅವಳು ಗೋಲಿಯ ತಲೆಯನ್ನು ಗೆರೆಗೆ ಮುಟ್ಟಿಸಿದಳು.

ಶನಿವಾರ ಆತ ಜಾಸ್ತಿ ಮಾಡೆಂದು ನಿಜವಾಗಿಯೂ ಕೈ ಮುಗಿದ. ತುಟಿ ನೀಲಿಯಾಗಿತ್ತು. ಅವಳು ಅಳುತ್ತಲೇ ಆತನ ಬೆರಳುಗಳನ್ನು ಗುಂಡಿಯಿಂದ ಬಿಡಿಸಿ, ಹೊದಿಕೆಯೊಳಗೆ ಅದುಮಿ ಹಿಡಿದು ಕೂತಳು. ಒಮ್ಮೆಯಾದರೂ ಗಂಡ ಹೇಳಿದ್ದನ್ನು ತಪ್ಪದೆ ಮಾಡಿದೆನೆಂದು ಅವಳಿಗೆ ಹೆಮ್ಮೆಯೂ ಆಗಿತ್ತು.

*

ಹೇಗೆ ಇಟ್ಟಿದ್ದಿರೆಂದು ನರ್ಸ್ ಕೇಳಿದಳು. ಹೆಂಡತಿ ಗುಂಡಿ ತಿರುವಿ, ಗೋಲಿಯ ತಲೆಯನ್ನು ಗೆರೆಗೆ ಮುಟ್ಟಿಸಿ ತೋರಿಸಿದಳು.

ನರ್ಸ್ ಸುಮ್ಮನಿರಬಹುದಿತ್ತು. ಮಾಸ್ತರ ಪಾಠ ಬಾಯಿಗೆ ಬಂದೇಬಿಟ್ಟಿತು.

“ನಡು ನೋಡ್ಬೇಕಿತ್ತಕ್ಕಾ. ಹೀಗಿಟ್ರೆ ಒಂದೂವರೆನೇ ಹೋಗೋದು.”

ಅರ್ಧ ಲೀಟರಿಗೆ ಯಾರಾದರೂ ಸಾಯುತ್ತಾರೆಯೇ ಎಂದು ತಮ್ಮ ಕೇಳಿದ.

ಹೆಣ ಎತ್ತಿದರು. ಬಾಗಿಲಿನಿಂದ ಯಾರೋ ಹೆಂಡತಿಯನ್ನು ಕರೆದರು. ಅವಳು ಮಂಡಿಯೂರಿ, ಕಣ್ಣನ್ನು ಗಾಜಿನ ಸಮಕ್ಕೆ ತಂದು, ಗುಂಡಿಯನ್ನು ಚೂರೇ ಚೂರು ತಿರುವಿದಳು. ಗೋಲಿಯ ನಡು ಎರಡರ ಗೆರೆಯಲ್ಲಿ ನಿಂತಿತು. ಖಾಲಿ ದಿಂಬಿನ ಮೇಲೆ ಕೊಳವೆಯ ತುದಿ ಬುಸುಗುಡುತ್ತಿತ್ತು.