ಹಸಿರು ಕುರ್ಚಿಯ ಸರದಿ

"ಅಕ್ಕಾ, ಇದು ನಿಮ್ಮ ತಂಗಿ ಕುರ್ಚಿ ಅಲ್ವಾ?" ಕ್ಷೌರದಂಗಡಿಯವನು ಮೆಲ್ಲಗೆ ಕೇಳಿದ.

"ಹೌದು. ಮುಂದಿನ ಸಾಲಲ್ಲೇ ಇರ್ಲಿ," ಎಂದಳು ದರ್ಜಿ.

"ಅಲ್ಲ ಅಕ್ಕಾ, ಕರೆದ್ರೆ ಯಾರು ಬರ್ತಾರೆ?"

"ಇದ್ದಾಗ ಮಾತ್ರ ಬಂದಿದ್ಳಾ? ಕರೀರಿ ಸುಮ್ನೆ."

ಮುಚ್ಚಿಹೋದ ನೂಲಿನ ಕಾರ್ಖಾನೆಯ ಶೆಡ್ಡಿನಲ್ಲಿ ಬೀದಿಯವರೇ ಕೂಡಿ ನಡೆಸುವ ಕಲೆಯ ಮೇಳ ಅದು. ಟಿಕೆಟ್ಟಿಲ್ಲ, ಮುಖ್ಯ ಅತಿಥಿಯ ಕಾಟವೂ ಇಲ್ಲ. ಕ್ಷೌರದವನೇ ನಿರೂಪಕ, ದರ್ಜಿ ಹೊಲಿದದ್ದೇ ಪರದೆ. ಕೂರುವ ಕುರ್ಚಿಯನ್ನು ಅವರವರೇ ಮನೆಯಿಂದ ಹೊತ್ತು ತರಬೇಕು. ಹಾಡಲೋ ಕುಣಿಯಲೋ ಮನಸ್ಸಿದ್ದವರು ತಮ್ಮ ಕುರ್ಚಿಯನ್ನು ಮುಂದಿನ ಸಾಲಿನಲ್ಲಿಟ್ಟರೆ ಮುಗಿಯಿತು, ಸರದಿ ಸಿಕ್ಕಂತೆ. ಇಟ್ಟ ಕುರ್ಚಿಯನ್ನು ಹಿಂದಕ್ಕೆ ಸರಿಸುವ ಹಕ್ಕು ಯಾರಿಗೂ ಇರಲಿಲ್ಲ.

ತಂಗಿ ಪ್ರತಿ ವರ್ಷ ತನ್ನ ಹಸಿರು ಕುರ್ಚಿಯನ್ನು ಮುಂದೆ ತಂದಿಡುತ್ತಿದ್ದಳು. ಕರೆದಾಗ ಮಾತ್ರ ಕೈಕಾಲು ತಣ್ಣಗಾಗಿ ಕೂತಲ್ಲೇ ಕೂತುಬಿಡುತ್ತಿದ್ದಳು. "ಬರೋ ವರ್ಷ ನೋಡ್ತಿರು" ಎಂದು ಪ್ರತಿ ಸಲ ಅದೇ ಮಾತು. ಈ ಚಳಿಗಾಲದಲ್ಲಿ ಬಂದ ಜ್ವರ ಅವಳನ್ನು ಬಿಡಲೇ ಇಲ್ಲ.

ಅವಳು ಹೋದಳೇ ಹೊರತು ಹಾಡು ಹೋಗಲಿಲ್ಲ. ದರ್ಜಿ ಹೊಲಿಗೆ ಮೆಷಿನ್ ನಿಲ್ಲಿಸಿದರೆ ಸಾಕು, ಹಿಂದಿನ ಕೋಣೆಯಲ್ಲಿ ಗುನುಗು ಶುರು. ಕೊನೆಯ ಸಾಲಿನ ಹತ್ತಿರ ಬಂದು ಕತ್ತರಿಸಿದಂತೆ ನಿಂತುಬಿಡುವುದು. ಬದುಕಿದ್ದಾಗಲೂ ಅಲ್ಲೇ ನಿಲ್ಲುತ್ತಿತ್ತು. ಮುಂದಿನ ಕೋಣೆಯಲ್ಲಿ ಮೆಷಿನ್ ಓಡುತ್ತಿರುವಾಗಲೇ ತಂಗಿ ಹಾಡುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಪಕ್ಕದ ಮನೆಯ ಬಸ್ ಡ್ರೈವರ್ ನಡುಗೋಡೆಯನ್ನು ದಬದಬ ಬಡಿಯುತ್ತಿದ್ದ. "ಸಾಕು ಮಾಡೇ, ಆ ಮನುಷ್ಯನ ನಿದ್ದೆ ಕೆಡಿಸ್ಬೇಡ" ಎಂದು ಅಕ್ಕ ಗದರಿ ಬಾಯಿ ಮುಚ್ಚಿಸುತ್ತಿದ್ದಳು. ಈಗ ಕೆಟ್ಟದ್ದು ಅಕ್ಕನ ನಿದ್ದೆ. ಒಮ್ಮೆ ಸರದಿ ಕೊಟ್ಟುಬಿಟ್ಟರೆ ತಂಗಿಗೂ ಸಮಾಧಾನ, ಮನೆಯೂ ಸುಮ್ಮನಾದೀತು ಎಂಬ ಆಸೆಯಿಂದಲೇ ದರ್ಜಿ ಆ ಕುರ್ಚಿ ಹೊತ್ತು ತಂದಿದ್ದಳು.

ಇಸ್ತ್ರಿಯವನ ಮಿಮಿಕ್ರಿಗೆ ಬಿದ್ದ ನಗು ಇನ್ನೂ ನಿಂತಿರಲಿಲ್ಲ. ಕ್ಷೌರದವನು ಮೈಕ್ ಹಿಡಿದು ಗಂಟಲು ಸರಿಮಾಡಿಕೊಂಡ.

"ಮುಂದೆ... ಹಸಿರು ಕುರ್ಚಿ."

ಶೆಡ್ಡಿಗೆ ಶೆಡ್ಡೇ ಗಪ್‌ಚಿಪ್ಪಾಯಿತು. ಖಾಲಿ ವೇದಿಕೆಯ ಮೇಲೆ ಬೆಳಕು ಬಿದ್ದಿತ್ತು. ಆಗ ಕೇಳಿಸಿತು, ಅದೇ ಗುನುಗು. ಅಯ್ಯೋ, ಇಲ್ಲಿಗೂ ಬಂದಳಾ! ದರ್ಜಿ ಥಟ್ಟನೆ ಹಸಿರು ಕುರ್ಚಿಯತ್ತ ನೋಡಿದಳು. ಆದರೆ ಈ ದನಿ ದಪ್ಪಗಿತ್ತು, ಒರಟಾಗಿತ್ತು. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಡ್ರೈವರ್, ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ಬೆರಳು ತಟ್ಟುತ್ತಿದ್ದ. ಹಾಡು ಯಾವಾಗಲೂ ನಿಲ್ಲುತ್ತಿದ್ದ ಆ ಜಾಗಕ್ಕೆ ಬಂತು. ನಿಲ್ಲಲಿಲ್ಲ. ಮೇಲೇರಿ, ಒಂದು ಸುತ್ತು ಬಳಸಿ, ಮೆಲ್ಲಗೆ ಇಳಿದು ಮುಗಿಯಿತು.

ಜನ ಕುರ್ಚಿಗಳನ್ನು ಹೊತ್ತು ಹೊರಟಾಗ ಅವಳು ಅವನನ್ನು ಅಡ್ಡಗಟ್ಟಿದಳು. "ಆ ಕೊನೇ ಸಾಲು ನಿಮಗೆ ಹೇಗೆ ಗೊತ್ತು?"

"ನೀವು ಬಟ್ಟೆ ಕೊಡೋಕೆ ಹೊರಗೆ ಹೋದಾಗ ನಿಮ್ಮ ತಂಗಿ ಪೂರ್ತಿ ಹಾಡ್ತಿದ್ರಲ್ಲ, ಪಾಪ. ಕೇಳ್ತಾ ಕೇಳ್ತಾನೇ ನನಗೆ ನಿದ್ದೆ ಹತ್ತೋದು."

"ಮತ್ತೆ ಗೋಡೆ ಬಡೀತಿದ್ರಲ್ಲ?"

ಡ್ರೈವರ್ ತಬ್ಬಿಬ್ಬಾದ. "ಅದು ನಿಮ್ಮ ಮೆಷಿನ್ನಿಗೆ, ಅಕ್ಕಾ. ಅದರ ಗದ್ದಲದಲ್ಲಿ ಹಾಡು ಕೇಳಿಸ್ತಿರಲಿಲ್ಲ."

ಹೊತ್ತು ಮುಳುಗುವ ಮೊದಲೇ ದರ್ಜಿ ಮನೆ ಸೇರಿದಳು. ಕುರ್ಚಿಯನ್ನು ಹಿಂದಿನ ಕೋಣೆಯಲ್ಲಿಟ್ಟು ಮೆಷಿನ್ನಿನ ಮುಂದೆ ಕೂತಳು. ಅರ್ಧ ಹೊಲಿದ ಷರ್ಟು ಸೂಜಿಯಡಿಯಲ್ಲೇ ಇತ್ತು. ಕಾಲು ಆಡಿಸದೆ ಕಿವಿಗೊಟ್ಟಳು. ಏನೂ ಇಲ್ಲ. ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ.

"ಹಾಡೇ," ಎಂದಳು ಕೋಣೆಯ ಕಡೆ ತಿರುಗಿ. "ನಾನು ಮೆಷಿನ್ ಮುಟ್ಟಲ್ಲ. ಹಾಡೇ, ನನ್ನವ್ವಾ."

ಕೋಣೆ ಸುಮ್ಮನಿತ್ತು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಕುರ್ಚಿ ಇಳಿಸಿದ ಸದ್ದಾಯಿತು. ಡ್ರೈವರ್ ಮನೆಗೆ ಬಂದಿದ್ದ. ದರ್ಜಿ ಎದ್ದು ಹೋಗಿ ಗೋಡೆಗೆ ಕಿವಿಯಿಟ್ಟು ಮೆಲ್ಲಗೆ ಬಡಿದಳು.